ಹಳೆಯ ವಾಲ್ವ್‌ಗಳ ಸೋರಿಕೆ: ಗೋಡೆ ಮುಚ್ಚುವ ಮೊದಲು ಮುಗಿಸಬೇಕಾದ ಕೆಲಸ

ಮನೆ ನವೀಕರಣ ಶುರುವಾದ ಮೇಲೆ, ಅಲ್ಲಿಯವರೆಗೆ ತೊಂದರೆ ಕೊಡದಿದ್ದ ವಾಲ್ವ್ ಸೋರತೊಡಗುವುದು ಆಕಸ್ಮಿಕವಲ್ಲ. ವರ್ಷಗಟ್ಟಲೆ ತಿರುಗಿಸದೆ ಬಿಟ್ಟ ವಾಲ್ವ್‌ನಲ್ಲಿ ಸ್ಪಿಂಡಲ್ (ಹಿಡಿಯ ಜೊತೆ ತಿರುಗುವ ಕಡ್ಡಿ) ಸುತ್ತಲಿನ ಪ್ಯಾಕಿಂಗ್, ಅಂದರೆ ನೀರು ಹೊರಬಾರದಂತೆ ತುಂಬಿದ ದಾರ, ಒಣಗಿ ಗಟ್ಟಿಯಾಗಿರುತ್ತದೆ. ನೀರಿನಲ್ಲಿರುವ ಸುಣ್ಣದಂಶ ಅದೇ ಸಂದಿಯಲ್ಲಿ ಕೂತು, ಪ್ಯಾಕಿಂಗ್ ಮಾಡಬೇಕಾದ ಕೆಲಸವನ್ನು ತಾನು ಮಾಡುತ್ತಿರುತ್ತದೆ. ಕೆಲಸಕ್ಕೆಂದು ನೀರು ನಿಲ್ಲಿಸಲು ಹಿಡಿಯನ್ನು ಒಮ್ಮೆ ತಿರುಗಿಸಿದರೆ ಸಾಕು, ಆ ಸುಣ್ಣದ ಪದರ ಒಡೆದು ನೀರು ಜಿನುಗುತ್ತದೆ. ಗೋಡೆ ಒಡೆಯುವಾಗಿನ ಅದುರು, ಪಕ್ಕದ ಪೈಪ್ ಬಿಚ್ಚುವಾಗಿನ ತಿರುಚು ಕೂಡ ಇದೇ ಕೆಲಸ ಮಾಡುತ್ತವೆ.

ಆದ್ದರಿಂದ ಎರಡು ಮಾತು ಮೊದಲೇ ಹೇಳಬೇಕು. ಯಾವ ವಾಲ್ವ್ ಉಳಿಯುತ್ತದೆ, ಯಾವುದು ಹೋಗುತ್ತದೆ ಎಂಬುದು ಗೋಡೆ ತೆರೆದಿರುವಾಗಲೇ ತೀರ್ಮಾನವಾಗಬೇಕು. ಕೆಲಸ ಯಾವಾಗಲೂ ನೀರು ಬರುವ ಕಡೆಯಿಂದ ಶುರುವಾಗಬೇಕು. ಬಚ್ಚಲುಮನೆಯ ಪುಟ್ಟ ವಾಲ್ವ್ ಬಿಚ್ಚಿದ ಮೇಲೆ ಮೇಲಿನ ಮುಖ್ಯ ವಾಲ್ವ್ ಸರಿಯಾಗಿ ಮುಚ್ಚುವುದಿಲ್ಲ ಎಂದು ಗೊತ್ತಾದರೆ, ರಿಪೇರಿ ಬಿಟ್ಟು ನೀರು ಬಳಿಯುವ ಕೆಲಸಕ್ಕೆ ನಿಲ್ಲಬೇಕಾಗುತ್ತದೆ.

ಮೊದಲು ಎಲ್ಲ ವಾಲ್ವ್‌ಗಳ ಪಟ್ಟಿ

ನೀರು ಮನೆಯೊಳಗೆ ಬರುವ ಜಾಗದಿಂದ ಹಿಡಿದು ಕೊನೆಯ ನಲ್ಲಿಯವರೆಗೆ ಪೈಪ್ ಹಿಡಿದು ನಡೆಯಿರಿ. ಸಿಕ್ಕ ಪ್ರತಿ ವಾಲ್ವ್‌ಗೂ ಒಂದು ಸಂಖ್ಯೆ ಬರೆದ ಟೇಪ್ ಅಂಟಿಸಿ. ಅದು ಯಾವ ಜಾತಿಯದು, ಯಾವ ಅಳತೆಯದು, ಅದನ್ನು ಮುಚ್ಚಿದರೆ ಯಾವ ನಲ್ಲಿಗಳು ನಿಲ್ಲುತ್ತವೆ ಎಂದು ಬರೆದಿಡಿ.

ಜಾತಿ ಗುರುತಿಸುವುದು ಸುಲಭ. ದುಂಡನೆಯ ಚಕ್ರವಿದ್ದು, ಮುಚ್ಚಲು ಹಲವು ಸುತ್ತು ಬೇಕಾದರೆ ಅದು ಸಾಮಾನ್ಯವಾಗಿ ಗೇಟ್ ವಾಲ್ವ್. ಇದರೊಳಗೆ ಲೋಹದ ತುಂಡೊಂದು ಬಾಗಿಲಿನಂತೆ ಇಳಿದು ನೀರನ್ನು ತಡೆಯುತ್ತದೆ, ವಾಷರ್ ಇರುವುದಿಲ್ಲ. ಹೊಟ್ಟೆ ಉಬ್ಬಿದ ಆಕಾರದ್ದು ಗ್ಲೋಬ್ ವಾಲ್ವ್ ಅಥವಾ ಸ್ಟಾಪ್ ಕಾಕ್. ಇದರಲ್ಲಿ ರಬ್ಬರ್ ವಾಷರ್ ಒಂದು ಸೀಟಿನ ಮೇಲೆ ಒತ್ತಿ ಕೂರುತ್ತದೆ. ಬಾಣದ ಗುರುತು ಇದ್ದರೆ ಅದು ನೀರು ಹರಿಯುವ ದಿಕ್ಕು, ತಿರುಗುಮುರುಗಾಗಿ ಜೋಡಿಸುವಂತಿಲ್ಲ. ಉದ್ದ ಹಿಡಿಯಿದ್ದು ಕಾಲು ಸುತ್ತಿಗೆ ಮುಚ್ಚುವುದು ಬಾಲ್ ವಾಲ್ವ್. ವಾಷ್ ಬೇಸಿನ್, ಸಿಂಕ್, ಫ್ಲಶ್ ಟ್ಯಾಂಕ್‌ಗಳ ಕೆಳಗಿನದು ಆ್ಯಂಗಲ್ ಕಾಕ್.

ಪ್ರತಿಯೊಂದನ್ನೂ ಮುಚ್ಚಿ, ಅದರ ಕೆಳಗಿನ ನಲ್ಲಿ ತೆರೆದು 10 ನಿಮಿಷ ಕಾಯಿರಿ. ಪೈಪ್‌ನಲ್ಲಿ ಉಳಿದಿದ್ದ ನೀರು ಇಳಿದುಹೋದ ಮೇಲೂ ಧಾರೆ ಅಥವಾ ಹನಿ ನಿಲ್ಲದಿದ್ದರೆ ಆ ವಾಲ್ವ್ ಒಳಗೆ ಹಿಡಿಯುತ್ತಿಲ್ಲ ಎಂದರ್ಥ. ಹೊರಗೆ ಒಂದು ಹನಿಯೂ ಕಾಣದೆ ಒಳಗೆ ಬಿಡುವ ವಾಲ್ವ್‌ಗಳೇ ನವೀಕರಣದಲ್ಲಿ ಹೆಚ್ಚು ಕಾಡುತ್ತವೆ. ಬಿಗಿಯಾಗಿರುವುದನ್ನು ಪೈಪ್ ರೆಂಚ್ ಹಾಕಿ ಒತ್ತಾಯ ಮಾಡಿ ತಿರುಗಿಸಬೇಡಿ. ಗೇಟ್ ವಾಲ್ವ್‌ನ ಸ್ಪಿಂಡಲ್ ಮುರಿದರೆ ಒಳಗಿನ ಗೇಟು ಕಳಚಿ ಕೆಳಗೆ ಕೂರುತ್ತದೆ. ಆಮೇಲೆ ಚಕ್ರ ಎಷ್ಟು ತಿರುಗಿಸಿದರೂ ನೀರು ಬಾರದು.

ನೀರು ಎಲ್ಲಿಂದ ಬರುತ್ತಿದೆ

ಸೋರುವ ಜಾಗ ಒಂದು, ತೊಟ್ಟಿಕ್ಕುವ ಜಾಗ ಇನ್ನೊಂದು. ಮೇಲಿಂದ ಒಸರಿದ ನೀರು ವಾಲ್ವ್‌ನ ಮೈ ಮೇಲೆ ಇಳಿದು ಅತಿ ಕೆಳಗಿನ ಅಂಚಿನಿಂದ ಬೀಳುತ್ತದೆ. ಇಡೀ ವಾಲ್ವ್ ಅನ್ನು ಬಟ್ಟೆಯಿಂದ ಒರೆಸಿ ಪೂರ್ತಿ ಒಣಗಿಸಿ, ಟಿಶ್ಯೂ ಕಾಗದದ ಚೂರುಗಳನ್ನು ಒಂದೊಂದು ಜಾಗಕ್ಕೆ ಒತ್ತುತ್ತ ಮೇಲಿನಿಂದ ಕೆಳಗೆ ಬನ್ನಿ.

ಸ್ಪಿಂಡಲ್‌ನ ಬುಡದಲ್ಲಿ ಕಾಗದ ಒದ್ದೆಯಾದರೆ ಪ್ಯಾಕಿಂಗ್ ಸೋತಿದೆ. ಇದು ಅತಿ ಸುಲಭದ ರಿಪೇರಿ. ಮೇಲ್ಮುಚ್ಚಳ ಮತ್ತು ಮೈ ಸೇರುವಲ್ಲಿ ಒದ್ದೆಯಾದರೆ ಅಲ್ಲಿನ ವಾಷರ್ ಅಥವಾ ಬಿಗಿತ ಹೋಗಿದೆ. ಪೈಪ್ ಒಳಸೇರುವ ಥ್ರೆಡ್ ಬಳಿ ಒದ್ದೆಯಾದರೆ ವಾಲ್ವ್‌ಗಿಂತ ಹೆಚ್ಚಾಗಿ ಪೈಪ್‌ನ ತುದಿಯ ಮೇಲೆ ಅನುಮಾನ ಪಡಿ. ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್‌ಗೆ ಥ್ರೆಡ್ ಕೊರೆಯುವಾಗ ಆ ಲೇಪ ಹೋಗುತ್ತದೆ, ಪೈಪ್‌ನ ದಪ್ಪವೂ ಇಳಿಯುತ್ತದೆ. ತುಕ್ಕು ಮೊದಲು ತಿನ್ನುವುದು ಆ ಜಾಗವನ್ನೇ.

ವಾಲ್ವ್‌ನ ಮೈ ಮೇಲೆಯೇ ಬಿಳಿ ಪುಡಿ ಹೊರಟು, ಅದರ ಕೆಳಗೆ ಹಿತ್ತಾಳೆ ತಾಮ್ರದ ಕೆಂಪಿಗೆ ತಿರುಗಿದ್ದರೆ ಹಿತ್ತಾಳೆಯೊಳಗಿನ ಸತು ಕರಗಿ ಹೋಗಿದೆ. ಉಳಿದಿರುವುದು ರಂಧ್ರಮಯವಾದ, ಬಲವಿಲ್ಲದ ತಾಮ್ರ. ಅಂಥದ್ದನ್ನು ರಿಪೇರಿ ಮಾಡಬೇಡಿ, ಬಿಗಿಗೊಳಿಸಲೂ ಹೋಗಬೇಡಿ. ಸ್ಪಾನರ್ ಹಾಕಿದರೆ ಬಿರುಕು ಬಿಡಬಹುದು.

ಎಲ್ಲ ಕಡೆ ಒಂದೇ ಸಮ ಒದ್ದೆಯಿದ್ದು, ತಣ್ಣೀರಿನ ಪೈಪ್ ಉದ್ದಕ್ಕೂ ಹನಿಗಟ್ಟಿದ್ದರೆ ಅದು ಸೋರಿಕೆಯಲ್ಲ, ಗಾಳಿಯ ತೇವ ತಣ್ಣನೆಯ ಲೋಹದ ಮೇಲೆ ನೀರಾಗಿರುವುದು.

ನೀರು ನಿಲ್ಲಿಸಿ, ಪೈಪ್ ಖಾಲಿ ಮಾಡಿ

ಮೊದಲು ಗೀಸರ್‌ನ ವಿದ್ಯುತ್ತನ್ನು ಮೇನ್ ಬೋರ್ಡ್‌ನಲ್ಲೇ ಆರಿಸಿ. ನೀರಿಲ್ಲದೆ ಕಾದರೆ ಅದರ ಕಾಯಿಲ್ ಸುಟ್ಟುಹೋಗುತ್ತದೆ. ಬಳಿಕ ಮುಖ್ಯ ವಾಲ್ವ್ ಮುಚ್ಚಿ, ಅತಿ ಕೆಳಗಿನ ನಲ್ಲಿಯನ್ನೂ ಅತಿ ಮೇಲಿನ ನಲ್ಲಿಯನ್ನೂ ತೆರೆಯಿರಿ. ಮೇಲಿಂದ ಗಾಳಿ ಒಳಹೋಗದಿದ್ದರೆ ನೀರು ಪೈಪ್‌ನಲ್ಲೇ ನಿಂತು, ನೀವು ಜೋಡಣೆ ಬಿಚ್ಚಿದಾಗ ಮೈಮೇಲೆ ಬೀಳುತ್ತದೆ.

ಮುಖ್ಯ ವಾಲ್ವ್ ಹಿಡಿಯದಿದ್ದರೆ ಅದನ್ನೇ ಮೊದಲು ಬದಲಾಯಿಸಬೇಕು. ನೀರು ಮೇಲಿನ ಟ್ಯಾಂಕ್‌ನಿಂದ ಬರುತ್ತಿದ್ದರೆ ಟ್ಯಾಂಕ್ ಖಾಲಿ ಮಾಡಿ, ಅಥವಾ ಅದರ ಹೊರದಾರಿಗೆ ಒಳಗಿನಿಂದ ಅಳತೆಗೆ ಸರಿಯಾದ ರಬ್ಬರ್ ಬಿರಡೆ ಹಾಕಿ. ಬಿರಡೆಗೆ ಹಗ್ಗ ಕಟ್ಟಿರಲಿ, ಬಟ್ಟೆಯ ಉಂಡೆ ಬೇಡ. ಅದು ಪೈಪ್‌ನೊಳಗೆ ಎಳೆದುಕೊಂಡು ಹೋಗಿ ಸಿಕ್ಕಿಕೊಂಡರೆ ತೆಗೆಯುವುದು ಕಷ್ಟ. ನೀರು ನೇರವಾಗಿ ಬೀದಿಯ ಲೈನ್‌ನಿಂದ ಬರುತ್ತಿದ್ದರೆ, ಮೀಟರ್‌ನ ಆಚೆಗಿನ ವಾಲ್ವ್ ಮುಚ್ಚುವುದು ನೀರು ಸರಬರಾಜು ಮಾಡುವವರ ಕೆಲಸ. ಮೊದಲೇ ಹೇಳಿ ದಿನ ಗೊತ್ತು ಮಾಡಿಕೊಳ್ಳಿ.

ಒಂದು ಅಪಾಯವನ್ನು ಬಹಳ ಜನ ಮರೆಯುತ್ತಾರೆ. ಹಳೆಯ ಮನೆಗಳಲ್ಲಿ ಕಬ್ಬಿಣದ ನೀರಿನ ಪೈಪನ್ನೇ ವಿದ್ಯುತ್ತಿನ ಅರ್ಥಿಂಗ್‌ಗೆ ಬಳಸಿರುವುದುಂಟು. ಪೈಪ್‌ಗೆ ತಂತಿ ಕಟ್ಟಿರುವುದು ಕಂಡರೆ ಕತ್ತರಿಸುವ ಮೊದಲು ಎಲೆಕ್ಟ್ರಿಷಿಯನ್‌ಗೆ ತೋರಿಸಿ, ಬೇರೆ ಅರ್ಥಿಂಗ್ ಆದ ಮೇಲೆಯೇ ಕೈ ಹಾಕಿ. ಕಬ್ಬಿಣದ ಬದಲಿಗೆ ಪ್ಲಾಸ್ಟಿಕ್ ಪೈಪ್ ಹಾಕಿದ ದಿನವೇ ಆ ಅರ್ಥಿಂಗ್ ಕಡಿದುಹೋಗುತ್ತದೆ.

ಸ್ಪಿಂಡಲ್ ಬಳಿಯ ಸೋರಿಕೆ

ಹಿಡಿಯ ಕೆಳಗಿರುವ ಚಿಕ್ಕ ನಟ್ಟು ಗ್ಲ್ಯಾಂಡ್ ನಟ್. ವಾಲ್ವ್‌ನ ಮೈಯನ್ನು ಒಂದು ಸ್ಪಾನರಿನಲ್ಲಿ ಹಿಡಿದು, ಇನ್ನೊಂದರಲ್ಲಿ ಈ ನಟ್ಟನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ಒಂದು ಸುತ್ತಿನ ಎಂಟನೇ ಒಂದರಷ್ಟು ತಿರುಗಿಸಿ ನೋಡಿ. ನಿಲ್ಲದಿದ್ದರೆ ಇನ್ನೊಮ್ಮೆ ಅಷ್ಟೇ. ಅರ್ಧ ಸುತ್ತು ದಾಟಿದರೂ ಜಿನುಗುತ್ತಿದ್ದರೆ ಪ್ಯಾಕಿಂಗ್ ಮುಗಿದಿದೆ. ಇನ್ನೂ ಬಿಗಿದರೆ ಹಿಡಿ ತಿರುಗುವುದು ನಿಲ್ಲುತ್ತದೆಯೇ ಹೊರತು ನೀರು ನಿಲ್ಲುವುದಿಲ್ಲ.

ಹೊಸ ಪ್ಯಾಕಿಂಗ್ ಹಾಕುವ ಕ್ರಮ ಹೀಗಿದೆ:

1. ನೀರು ನಿಲ್ಲಿಸಿ, ಪೈಪ್ ಖಾಲಿ ಮಾಡಿ, ಹಿಡಿಯ ತಿರುಪು ತೆಗೆದು ಹಿಡಿ ಕಳಚಿ.
2. ಗ್ಲ್ಯಾಂಡ್ ನಟ್ ಬಿಚ್ಚಿ ಸ್ಪಿಂಡಲ್ ಮೇಲೆ ಜಾರಿಸಿ ತೆಗೆಯಿರಿ. ಅದರ ಕೆಳಗೆ ಲೋಹದ ಬಳೆಯೊಂದಿದ್ದರೆ ಯಾವ ಮುಖ ಮೇಲಿತ್ತು ಎಂದು ನೋಡಿಕೊಳ್ಳಿ.
3. ಹಳೆಯ ಪ್ಯಾಕಿಂಗನ್ನು ಸಣ್ಣ ಕೊಕ್ಕೆಯಿಂದ ಚೂರುಚೂರಾಗಿ ಎಬ್ಬಿಸಿ. ಸ್ಪಿಂಡಲ್‌ಗೆ ಗೀರು ಬೀಳಬಾರದು. ಗೀರಿನ ದಾರಿಯಲ್ಲೇ ನೀರು ಮತ್ತೆ ಬರುತ್ತದೆ. ಬಹಳ ಹಳೆಯ ಪ್ಯಾಕಿಂಗ್‌ನಲ್ಲಿ ಕಲ್ನಾರು ಇರುವ ಸಾಧ್ಯತೆಯಿದೆ. ಅದನ್ನು ಒಣಗಿದ್ದಾಗ ಕೆರೆದು ಪುಡಿ ಎಬ್ಬಿಸಬೇಡಿ, ಒದ್ದೆ ಮಾಡಿಯೇ ತೆಗೆಯಿರಿ.
4. ಸ್ಪಿಂಡಲ್ ಮೇಲಿನ ಸುಣ್ಣವನ್ನು ವಿನೆಗರ್‌ನಲ್ಲಿ ನೆನೆಸಿದ ಬಟ್ಟೆಯಿಂದ ಒರೆಸಿ, ನೀರಿನಿಂದ ತೊಳೆದು ಒಣಗಿಸಿ.
5. ಗ್ರಾಫೈಟ್ ಅಥವಾ ಟೆಫ್ಲಾನ್ ಪ್ಯಾಕಿಂಗ್ ದಾರವನ್ನು ನಟ್ಟು ಬಿಗಿಯುವ ದಿಕ್ಕಿಗೇ ಸುತ್ತಿ. ದಪ್ಪ ದಾರವಾದರೆ ಬಳೆಗಳಾಗಿ ಕತ್ತರಿಸಿ, ಒಂದರ ಸೇರುವೆ ಇನ್ನೊಂದರ ಸೇರುವೆಯ ಮೇಲೆ ಬಾರದಂತೆ ಎದುರುಬದುರು ಕೂರಿಸಿ.
6. ನಟ್ಟನ್ನು ಕೈಯಲ್ಲಿ ಬಿಗಿದು, ಮೇಲೆ ಸ್ಪಾನರಿನಲ್ಲಿ ಅರ್ಧ ಸುತ್ತು. ಹಿಡಿ ತಿರುಗಿಸುವಾಗ ಸ್ವಲ್ಪ ಎಳೆತ ಇರಬೇಕು, ಕಷ್ಟವಾಗಬಾರದು. ನೀರು ಬಿಟ್ಟ ಮೇಲೆ ಬೇಕಾದಷ್ಟು ಮಾತ್ರ ಇನ್ನೂ ಬಿಗಿಯಿರಿ.

ಮುಚ್ಚಿದರೂ ನಿಲ್ಲದ ನೀರು

ಸ್ಟಾಪ್ ಕಾಕ್ ಆದರೆ ಮೇಲ್ಮುಚ್ಚಳ ಬಿಚ್ಚಿ ವಾಷರ್ ಬದಲಿಸಿ. ಆಮೇಲೆ ಒಳಗೆ ಬೆರಳಾಡಿಸಿ ಸೀಟು ನೋಡಿ. ನುಣುಪಾಗಿದ್ದರೆ ಸಾಕು. ಒಂದು ಕಡೆ ತೋಡು ಬಿದ್ದಿದ್ದರೆ ಹೊಸ ವಾಷರ್ ಕೂಡ ಬೇಗ ಹರಿಯುತ್ತದೆ. ಸೀಟು ಸವರುವ ಕಟರ್‌ನಿಂದ ಎರಡು ಮೂರು ಸುತ್ತು ಹಗುರವಾಗಿ ಸವರಿ, ಲೋಹದ ಚೂರು ಉಳಿಯದಂತೆ ತೊಳೆಯಿರಿ.

ಗೇಟ್ ವಾಲ್ವ್‌ಗೆ ಈ ಉಪಾಯವಿಲ್ಲ. ಗೇಟು ಬಂದು ಕೂರುವ ತಳದ ತೋಡಿನಲ್ಲಿ ತುಕ್ಕಿನ ಚೂರು, ಮರಳು ಸೇರಿಕೊಂಡು ಅದು ಕೊನೆಯವರೆಗೆ ಇಳಿಯುವುದಿಲ್ಲ. ಕೆಳಗಿನ ನಲ್ಲಿ ತೆರೆದಿಟ್ಟು, ವಾಲ್ವ್ ಮುಚ್ಚುತ್ತ ಬಂದು ಕೊನೆಯ ಒಂದು ಸುತ್ತಿನಲ್ಲಿ ಹಿಂದೆ ಮುಂದೆ ಆಡಿಸಿ. ಆಗ ನೀರಿನ ರಭಸಕ್ಕೆ ಕಸ ಕೊಚ್ಚಿಹೋಗಬಹುದು. ಹೋಗದಿದ್ದರೆ ಬದಲಾಯಿಸುವುದೇ ದಾರಿ. ಗೋಡೆಗಳನ್ನು ತೆರೆದಿರುವ ಈ ಹೊತ್ತಿನಲ್ಲಿ ಹಿಡಿಯದ ಗೇಟ್ ವಾಲ್ವ್ ಉಳಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ಮನೆಯ ಮುಖ್ಯ ಜಾಗಕ್ಕೆ ಬಾಲ್ ವಾಲ್ವ್ ಹಾಕಿ.

ವಾಲ್ವ್ ಬದಲಾಯಿಸುವುದು

ಅಂಗಡಿಗೆ ಹೋಗುವ ಮೊದಲು ಅಳತೆ ಸರಿಯಾಗಿ ತಿಳಿದಿರಲಿ. ಅರ್ಧ ಇಂಚಿನ ಥ್ರೆಡ್ ಅಂದರೆ ಹೊರವ್ಯಾಸ ಅರ್ಧ ಇಂಚಲ್ಲ, ಸುಮಾರು 21 ಮಿ.ಮೀ. ಮುಕ್ಕಾಲು ಇಂಚಿನದು ಸುಮಾರು 26 ಮಿ.ಮೀ., ಒಂದು ಇಂಚಿನದು ಸುಮಾರು 33 ಮಿ.ಮೀ. ಇನ್ನು ಥ್ರೆಡ್‌ನಲ್ಲಿ ಬಿಎಸ್‌ಪಿ (ಬ್ರಿಟಿಷ್), ಎನ್‌ಪಿಟಿ (ಅಮೆರಿಕನ್) ಎಂದು ಎರಡು ಪದ್ಧತಿಗಳಿವೆ. ಅರ್ಧ, ಮುಕ್ಕಾಲು ಇಂಚುಗಳಲ್ಲಿ ಎರಡಕ್ಕೂ ಇಂಚಿಗೆ 14 ಸುತ್ತು. ಹಾಗಾಗಿ ಒಂದಕ್ಕೊಂದು ಕೂತಂತೆ ಕಾಣುತ್ತವೆ. ಆದರೆ ಥ್ರೆಡ್‌ನ ಕೋನ ಒಂದರಲ್ಲಿ 55 ಡಿಗ್ರಿ, ಇನ್ನೊಂದರಲ್ಲಿ 60. ಎಷ್ಟು ಟೇಪ್ ಸುತ್ತಿದರೂ ಆ ಜೋಡಣೆಯನ್ನು ನಂಬುವಂತಿಲ್ಲ. ಹೊರಗಿನಿಂದ ತರಿಸಿದ ಫಿಟ್ಟಿಂಗ್‌ಗಳಲ್ಲಿ ಇದನ್ನು ಮೊದಲು ನೋಡಿ.

ಬಾಲ್ ವಾಲ್ವ್ ಕೊಳ್ಳುವಾಗ ಒಳಗಿನ ರಂಧ್ರ ಪೈಪ್‌ನಷ್ಟೇ ಅಗಲವಿರುವುದನ್ನು ಆರಿಸಿ. ಟ್ಯಾಂಕ್ ನಲ್ಲಿಗಿಂತ 3 ಮೀಟರ್ ಎತ್ತರದಲ್ಲಿದ್ದರೆ ಸಿಗುವ ಒತ್ತಡ ಸುಮಾರು 0.3 ಬಾರ್ ಮಾತ್ರ. ಅದರಲ್ಲಿ ಕಿರಿದಾದ ರಂಧ್ರದ ವಾಲ್ವ್ ಹಾಕಿದರೆ ಶವರ್‌ನ ಧಾರೆ ಸೊರಗುತ್ತದೆ. ಹಳೆಯ ವಾಲ್ವ್‌ನಲ್ಲಿ ಸತು ಕರಗಿದ ಗುರುತು ಕಂಡಿದ್ದರೆ, ಸತು ಕರಗದಂಥ ಡಿಜೆಡ್‌ಆರ್ ಹಿತ್ತಾಳೆಯದನ್ನೇ ಕೇಳಿ.

ಜಿಐ ಪೈಪ್‌ನಿಂದ ಹಳೆಯ ವಾಲ್ವ್ ಬಿಚ್ಚುವಾಗ ಎರಡು ಪೈಪ್ ರೆಂಚ್ ಬೇಕೇ ಬೇಕು. ಒಂದು ಪೈಪನ್ನು ಅಲುಗಾಡದಂತೆ ಹಿಡಿದಿರಬೇಕು, ಇನ್ನೊಂದು ವಾಲ್ವ್ ತಿರುಗಿಸಬೇಕು. ಒಂದೇ ರೆಂಚ್‌ನಲ್ಲಿ ತಿರುಗಿಸಿದರೆ ಆ ಬಲವೆಲ್ಲ ಪೈಪ್ ಉದ್ದಕ್ಕೂ ಹೋಗಿ, ಗೋಡೆಯೊಳಗಿನ ಎಲ್ಬೋದ (ಪೈಪ್ ತಿರುವಿನ ಫಿಟ್ಟಿಂಗ್‌ನ) ಹಳೆಯ ಥ್ರೆಡ್ ಅನ್ನು ಸಡಿಲಿಸುತ್ತದೆ. ಒಂದು ವಾಲ್ವ್ ಸರಿಮಾಡಿದ ಮೇಲೆ ಎರಡಡಿ ಆಚೆ ಹೊಸ ಸೋರಿಕೆ ಕಾಣುವುದಕ್ಕೆ ಬಹುಪಾಲು ಇದೇ ಕಾರಣ.

ಬಿಚ್ಚಲು ಬಾರದಿದ್ದರೆ ತುಕ್ಕು ಸಡಿಲಿಸುವ ಎಣ್ಣೆ ಹಾಕಿ ಕೆಲವು ಗಂಟೆ ಬಿಡಿ, ನಡುನಡುವೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಬೆಂಕಿ ಕೊಡುವುದಾದರೆ ಪೈಪ್‌ನಲ್ಲಿ ನೀರು ಪೂರ್ತಿ ಖಾಲಿಯಾಗಿರಬೇಕು, ಒಂದು ತುದಿ ತೆರೆದಿರಬೇಕು. ಸಿಕ್ಕಿಬಿದ್ದ ನೀರು ಆವಿಯಾಗಿ ಸಿಡಿಯಬಹುದು. ಎಣ್ಣೆ ಹಾಕಿದ ಜಾಗಕ್ಕೆ ಬೆಂಕಿ ಹಿಡಿಯಬೇಡಿ. ಅದಕ್ಕೂ ಬಗ್ಗದಿದ್ದರೆ ವಾಲ್ವ್ ಪಕ್ಕದ ಪೈಪನ್ನು ಹ್ಯಾಕ್ಸಾದಿಂದ ಕತ್ತರಿಸಿ ವಾಲ್ವ್ ಕಳಚಿ, ಉಳಿದ ತುಂಡನ್ನು ಅದರ ಕೊನೆಯ ಫಿಟ್ಟಿಂಗ್‌ನಿಂದ ಬಿಚ್ಚಿ ತೆಗೆಯಿರಿ. ತುಂಡು ಸಾಕೆಟ್‌ನೊಳಗೇ ಮುರಿದುಕೊಂಡರೆ ಹ್ಯಾಕ್ಸಾ ಬ್ಲೇಡ್‌ನಿಂದ ಒಳಗಿನಿಂದ ಎರಡು ಕಡೆ ಉದ್ದುದ್ದ ಕೊಯ್ದು, ಸಾಕೆಟ್‌ನ ಥ್ರೆಡ್ ಮುಟ್ಟುವ ಮೊದಲೇ ನಿಲ್ಲಿಸಿ, ಉಳಿಯಿಂದ ಆ ಚೂರನ್ನು ಒಳಕ್ಕೆ ಮಡಿಸಿ.

ವಾಲ್ವ್ ಹೊರಬಂದ ಮೇಲೆ ಪೈಪ್‌ನ ಬಾಯಿಗೆ ಟಾರ್ಚ್ ಹಿಡಿದು ನೋಡಿ. ತುಕ್ಕು ಬೆಳೆದು ದಾರಿ ಅರ್ಧಕ್ಕಿಂತ ಕಡಿಮೆಯಾಗಿದ್ದರೆ ಹೊಸ ವಾಲ್ವ್ ಹಾಕುವ ಶ್ರಮ ವ್ಯರ್ಥ. ಆ ಸಾಲಿನ ಪೈಪನ್ನೇ ತೆಗೆಯಬೇಕು. ಕಬ್ಬಿಣದ ಸಾಲಿಗೆ ತಾಮ್ರದ ಪೈಪ್ ನೇರವಾಗಿ ಜೋಡಿಸಬೇಡಿ. ಎರಡು ಲೋಹ ನೀರಿನಲ್ಲಿ ಒಟ್ಟಿಗಿದ್ದರೆ ಕಬ್ಬಿಣ ಬೇಗ ಸವೆಯುತ್ತದೆ. ನಡುವೆ ವಿದ್ಯುತ್ ಹರಿಯದಂಥ ಡೈಎಲೆಕ್ಟ್ರಿಕ್ ಯೂನಿಯನ್ (ಪೈಪ್ ಕತ್ತರಿಸದೆ ಬಿಚ್ಚಬಹುದಾದ ಜೋಡಣೆ) ಇರಬೇಕು.

ಹೊಸದನ್ನು ಕೂರಿಸುವಾಗ ಥ್ರೆಡ್‌ಗಳನ್ನು ತಂತಿಯ ಬ್ರಷ್‌ನಿಂದ ಉಜ್ಜಿ ಸ್ವಚ್ಛ ಮಾಡಿ. ಪೈಪ್‌ನ ತುದಿಯನ್ನು ಎದುರಿನಿಂದ ನೋಡಿದಾಗ ಗಡಿಯಾರದ ದಿಕ್ಕಿಗೆ ಟೆಫ್ಲಾನ್ ಟೇಪ್ ಸುತ್ತಿ, ಇಲ್ಲದಿದ್ದರೆ ಬಿಗಿಯುವಾಗ ಬಿಚ್ಚಿಕೊಳ್ಳುತ್ತದೆ. ಮೊದಲ ಥ್ರೆಡ್ ಖಾಲಿ ಬಿಡಿ, ಟೇಪ್‌ನ ಚೂರು ಒಳಗೆ ಹೋಗಿ ನಲ್ಲಿಯ ಜಾಲರಿಗೆ ಸಿಕ್ಕಿಕೊಳ್ಳದಿರಲಿ. ತೆಳುವಾದ ಟೇಪ್ ಆದರೆ 8ರಿಂದ 12 ಸುತ್ತು, ದಪ್ಪನೆಯದಾದರೆ 3ರಿಂದ 5. ಹಳೆಯ ಸವೆದ ಕಬ್ಬಿಣದ ಥ್ರೆಡ್‌ಗೆ ಸಣಬಿನ ನಾರು ಮತ್ತು ಪೇಸ್ಟ್ ಇನ್ನೂ ಚೆನ್ನಾಗಿ ಹಿಡಿಯುತ್ತದೆ. ಆದರೆ ಪ್ಲಾಸ್ಟಿಕ್ ಸಾಕೆಟ್‌ಗೆ ಸಣಬು ಬೇಡ. ಅದು ನೀರು ಕುಡಿದು ಉಬ್ಬಿದಾಗ ಸಾಕೆಟ್ ಸೀಳುತ್ತದೆ. ಅಂಥಲ್ಲಿ ಒಳಗೆ ಹಿತ್ತಾಳೆಯ ಥ್ರೆಡ್ ಇರುವ ಫಿಟ್ಟಿಂಗ್ ಬಳಸಿ.

ಬಾಲ್ ವಾಲ್ವ್‌ನ ಎರಡು ತುದಿಗಳಲ್ಲೂ ಸ್ಪಾನರ್ ಹಿಡಿಯುವ ಆರು ಮೂಲೆ ಇರುತ್ತದೆ. ಯಾವ ತುದಿಗೆ ಪೈಪ್ ಸೇರುತ್ತಿದೆಯೋ ಆ ತುದಿಯನ್ನೇ ಹಿಡಿಯಿರಿ. ಎದುರು ತುದಿ ಹಿಡಿದು ತಿರುಗಿಸಿದರೆ ವಾಲ್ವ್‌ನ ಎರಡು ಭಾಗಗಳ ನಡುವಿನ ಜೋಡಣೆ ಸಡಿಲವಾಗಿ ಹೊಸ ವಾಲ್ವ್ ಮೊದಲ ದಿನವೇ ಸೋರುತ್ತದೆ. ಹಿಡಿ ಗೋಡೆಗೆ ತಾಗದೆ ಪೂರ್ತಿ ತಿರುಗುವಂತೆ ಕೊನೆಯ ಸುತ್ತನ್ನು ಲೆಕ್ಕ ಹಾಕಿ ಬಿಗಿಯಿರಿ. ಹೆಚ್ಚಾಯಿತೆಂದು ಹಿಂದಕ್ಕೆ ತಿರುಗಿಸಿದರೆ ಟೇಪ್ ಹಿಡಿತ ಬಿಡುತ್ತದೆ, ಬಿಚ್ಚಿ ಹೊಸದಾಗಿ ಸುತ್ತಲೇಬೇಕು. ವಾಲ್ವ್‌ನ ಪಕ್ಕದಲ್ಲಿ ಒಂದು ಯೂನಿಯನ್ ಹಾಕುವುದನ್ನು ಮರೆಯಬೇಡಿ. ಮುಂದೆ ಬದಲಾಯಿಸುವವರು ಪೈಪ್ ಕತ್ತರಿಸಬೇಕಾಗುವುದಿಲ್ಲ.

ಪೈಪ್‌ನ ಬಗೆಗೆ ತಕ್ಕಂತೆ ಎಚ್ಚರವೂ ಬದಲಾಗುತ್ತದೆ. ಅಂಟಿಸಿ ಜೋಡಿಸುವ ಪ್ಲಾಸ್ಟಿಕ್ ಪೈಪ್ ಆದ ಸಿಪಿವಿಸಿಗೆ ಅದರದ್ದೇ ಸಾಲ್ವೆಂಟ್ (ಅಂಟು) ಹಚ್ಚಿ, ವಾಲ್ವ್‌ನೊಳಗೆ ಹರಿದು ಬಾಲ್‌ಗೆ ಅಂಟುವಷ್ಟು ಸುರಿಯಬೇಡಿ. ನೀರು ಬಿಡುವ ಮೊದಲು ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಕಾಯಿರಿ. ಕಾಯಿಸಿ ಬೆಸೆಯುವ ಪ್ಲಾಸ್ಟಿಕ್ ಆದ ಪಿಪಿಆರ್ ಪೈಪನ್ನು 260 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಬೇಕು, 20 ಮಿ.ಮೀ.ಗೆ 5 ಸೆಕೆಂಡ್, 25 ಮಿ.ಮೀ.ಗೆ 7 ಸೆಕೆಂಡ್. ನೇರವಾಗಿ ಒತ್ತಿ, ತಿರುಚಬೇಡಿ. ಹೆಚ್ಚು ಕಾಯಿಸಿದರೆ ಒಳಗೆ ಪ್ಲಾಸ್ಟಿಕ್ ಉಬ್ಬಿ ದಾರಿ ಮುಚ್ಚುತ್ತದೆ.

ಗೋಡೆಯೊಳಗಿನ ವಾಲ್ವ್

ಶವರ್‌ಗೆ ಹೋಗುವ ಕನ್ಸೀಲ್ಡ್ ಸ್ಟಾಪ್ ಕಾಕ್ ಹಳೆಯದಾಗಿದ್ದು, ಬಚ್ಚಲಿಗೆ ಹೊಸ ಟೈಲ್ಸ್ ಬರುತ್ತಿದ್ದರೆ ಸೋರದಿದ್ದರೂ ಅದನ್ನು ತೆಗೆಯಿರಿ. ಇದೊಂದು ಕಡೆ ನಾವು ರಿಯಾಯಿತಿ ಕೊಡುವುದಿಲ್ಲ. ಆಮೇಲೆ ಸೋರಿದರೆ ಒಡೆಯಬೇಕಾದದ್ದು ಹೊಸ ಟೈಲ್ಸನ್ನೇ, ಹೊಂದುವ ಟೈಲ್ ಆಗ ಸಿಗದೆಯೂ ಹೋಗಬಹುದು.

ಹೊಸದರ ಮೈ ಮೇಲೆ ಅಥವಾ ಅದರ ಪ್ಲಾಸ್ಟಿಕ್ ಕವಚದ ಮೇಲೆ ಅತಿ ಕಡಿಮೆ, ಅತಿ ಹೆಚ್ಚು ಆಳದ ಗೆರೆಗಳಿರುತ್ತವೆ. ಟೈಲ್‌ನ ಮೇಲ್ಮೈ ಆ ಎರಡು ಗೆರೆಗಳ ನಡುವೆ ಬರಬೇಕು. ಲೆಕ್ಕ ಹಾಕುವಾಗ ಪ್ಲಾಸ್ಟರ್, ಟೈಲ್ ಅಂಟು, ಟೈಲ್ ಮೂರನ್ನೂ ಕೂಡಿಸಿ. ಪ್ಲಾಸ್ಟರ್ 12, ಅಂಟು 4, ಟೈಲ್ 9 ಮಿ.ಮೀ. ಆದರೆ ಈಗಿನ ಇಟ್ಟಿಗೆಯ ಮೈಯಿಂದ 25 ಮಿ.ಮೀ. ಮುಂದೆ ಟೈಲ್ ಇರುತ್ತದೆ. ಈ ಲೆಕ್ಕ ತಪ್ಪಿದರೆ ಹಿಡಿ ಕೂರುವುದಿಲ್ಲ, ಇಲ್ಲವೇ ಮುಚ್ಚುವ ಬಿಲ್ಲೆ ಗೋಡೆಯಿಂದ ದೂರ ನಿಲ್ಲುತ್ತದೆ. ಗೋಡೆ ಮುಚ್ಚುವ ಮೊದಲು ಅಳತೆ ಟೇಪ್ ಪಕ್ಕಕ್ಕಿಟ್ಟು ಪೈಪ್‌ಗಳ ಫೋಟೊ ತೆಗೆದಿಡಿ.

ಆ್ಯಂಗಲ್ ಕಾಕ್‌ಗಳು

ಇವುಗಳಲ್ಲಿ ಒಂದು ಸೋರಿದರೆ ಅದೇ ವಯಸ್ಸಿನ ಉಳಿದವುಗಳನ್ನೂ ಒಟ್ಟಿಗೆ ಬದಲಾಯಿಸಿ, ಜೊತೆಗೆ ಹೆಣಿಗೆಯ ಕನೆಕ್ಷನ್ ಪೈಪ್‌ಗಳನ್ನೂ. ಹೊಸ ಕಾಕ್ ಹಾಕುವ ಮೊದಲು ಪೈಪ್‌ನ ಬಾಯಿಗೆ ಬಕೆಟ್ ಹಿಡಿದು ಮುಖ್ಯ ವಾಲ್ವ್ ಒಂದು ಕ್ಷಣ ತೆರೆಯಿರಿ. ಒಳಗಿನ ಸಿಮೆಂಟ್ ಚೂರು, ತುಕ್ಕು ಹೊರಬರಲಿ. ಕನೆಕ್ಷನ್ ಪೈಪ್‌ನ ನಟ್ಟಿನೊಳಗೆ ರಬ್ಬರ್ ವಾಷರ್ ಇರುತ್ತದೆ, ನೀರು ತಡೆಯುವುದು ಅದೇ. ಅಲ್ಲಿ ಟೇಪ್ ಸುತ್ತಬೇಡಿ. ಕೈಯಲ್ಲಿ ಬಿಗಿದು ಸ್ಪಾನರಿನಲ್ಲಿ ಕಾಲು ಸುತ್ತು ಕೊಟ್ಟರೆ ಸಾಕು.

ಗೋಡೆ ಮುಚ್ಚುವ ಮೊದಲಿನ ಪರೀಕ್ಷೆ

ಎಲ್ಲ ನಲ್ಲಿಗಳ ಬಾಯಿಯ ಜಾಲರಿ ಬಿಚ್ಚಿಟ್ಟು, ನಲ್ಲಿಗಳನ್ನು ತೆರೆದು, ಮುಖ್ಯ ವಾಲ್ವ್ ಅನ್ನು ಕಾಲು ಭಾಗ ಮಾತ್ರ ತೆರೆದು ಪೈಪ್ ನಿಧಾನವಾಗಿ ತುಂಬಲಿ. ಒಮ್ಮೆಲೇ ತೆರೆದರೆ ಗಾಳಿ ಮತ್ತು ನೀರು ಹೊಡೆದು ಹಳೆಯ ಜೋಡಣೆಗಳು ಅದುರುತ್ತವೆ. ಕೆಂಪು ನೀರು ತಿಳಿಯಾಗುವವರೆಗೆ ಹರಿಯಲು ಬಿಡಿ. ನಂತರ ನಲ್ಲಿಗಳನ್ನು ಒಂದೊಂದಾಗಿ ಮುಚ್ಚಿ. ಬಿಸಿನೀರಿನ ನಲ್ಲಿಯಲ್ಲಿ ಧಾರೆ ಎಡೆಬಿಡದೆ ಬಂದು ಗೀಸರ್ ತುಂಬಿದ್ದು ಖಚಿತವಾಗುವವರೆಗೆ ಅದರ ಸ್ವಿಚ್ ಹಾಕಬೇಡಿ.

ಪ್ಲಂಬರ್ ಬಳಿ ಒತ್ತಡ ಪರೀಕ್ಷೆಯ ಕೈಪಂಪು ಇದ್ದರೆ ತರಿಸಿ. ಗೀಸರ್, ನಲ್ಲಿಗಳನ್ನು ಬೇರ್ಪಡಿಸಿ, ಆ ಬಾಯಿಗಳಿಗೆ ಡಮ್ಮಿ (ಮುಚ್ಚಳ) ಹಾಕಿ, ಗಾಳಿ ಪೂರ್ತಿ ಹೊರಗೆ ಬಿಟ್ಟು, ಬಳಕೆಯ ಒತ್ತಡದ ಒಂದೂವರೆ ಪಟ್ಟಿನವರೆಗೆ ನೀರಿನಿಂದಲೇ ಏರಿಸಿ. ಪ್ಲಾಸ್ಟಿಕ್ ಪೈಪ್ ಮೊದಲಿಗೆ ಸ್ವಲ್ಪ ಹಿಗ್ಗುವುದರಿಂದ ಮುಳ್ಳು ತುಸು ಇಳಿಯುವುದು ಸಹಜ. ಇನ್ನೊಮ್ಮೆ ಏರಿಸಿದ ಮೇಲೂ ಇಳಿಯುತ್ತಲೇ ಇದ್ದರೆ ಎಲ್ಲೋ ಸೋರುತ್ತಿದೆ. ಗಾಳಿ ತುಂಬಿ ಪರೀಕ್ಷಿಸಲು ಹೋಗಬೇಡಿ, ಪ್ಲಾಸ್ಟಿಕ್ ಫಿಟ್ಟಿಂಗ್ ಒಡೆದರೆ ಚೂರುಗಳು ಸಿಡಿಯುತ್ತವೆ. ಪಂಪು ಸಿಗದಿದ್ದರೆ ಟ್ಯಾಂಕ್ ತುಂಬಿಸಿ, ಎಲ್ಲ ನಲ್ಲಿ ಮುಚ್ಚಿ, ಪ್ರತಿ ಜೋಡಣೆಯ ಕೆಳಗೆ ಒಣ ಕಾಗದ ಇಟ್ಟು ಒಂದು ರಾತ್ರಿ ಬಿಡಿ.

ಬಿಸಿನೀರಿನ ಸಾಲನ್ನು ಇನ್ನೊಮ್ಮೆ ನೋಡಬೇಕು. ಕಾದಾಗ ಹಿಗ್ಗಿ, ತಣಿದಾಗ ಕುಗ್ಗುವ ಜೋಡಣೆ ಮೊದಲ ದಿನ ಒಣಗಿದ್ದು, ಕೆಲವು ಸಲ ಕಾಯಿಸಿದ ಮೇಲೆ ಒಸರುವುದುಂಟು. ಗೀಸರ್ ನಾಲ್ಕೈದು ಬಾರಿ ಕಾದು ತಣಿದ ಮೇಲೆ ಪ್ರತಿ ಜೋಡಣೆಗೂ ಟಿಶ್ಯೂ ಒತ್ತಿ ನೋಡಿ. ಹೊಸ ಪ್ಯಾಕಿಂಗ್ ಹಾಕಿದ ಗ್ಲ್ಯಾಂಡ್ ನಟ್‌ಗಳಿಗೂ ಈಗ ಎಂಟನೇ ಒಂದು ಸುತ್ತು ಬೇಕಾಗಬಹುದು. ಕಾಗದ ಒಣಗಿಯೇ ಬಂದರೆ ಪ್ಲಾಸ್ಟರ್‌ನವರನ್ನು ಕರೆಯಬಹುದು.